ನಮಗೂ ಕೇಳಿಸಲಿ: ಕರಾವಳಿಯ ಉತ್ಸವ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ದೇವಸ್ಥಾನ, ಭಜನಾ ಮಂದಿರ, ಗಣೇಶೋತ್ಸವ, ಶಾರದೋತ್ಸವ ಸಮಿತಿಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಸಾಂಸ್ಕೃತಿಕ ಕಾರ್ಯಕ್ರಮದ ಹೊಣೆ ಹೊತ್ತ ಎಲ್ಲರಿಗೂ ನಮಸ್ಕಾರ.

ತುಳುನಾಡಿನ ಉತ್ಸವಗಳಿಗೆ ತೆರೆ ಬೀಳುವ ಪತ್ತನಾಜೆ ಕಳೆಯಿತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಜಾತ್ರೆ, ಬ್ರಹ್ಮಕಲಶೋತ್ಸವಗಳ ಸೀಸನ್ ಮುಗಿಯಿತು. ಇನ್ನು ಮಳೆ. ನಮ್ಮಂಥವರಿಗೆ ಇದು ವಾದ್ಯ ರಿಪೇರಿಯ ಕಾಲ. ನಿಮಗೆ ಚೌತಿಯ, ನವರಾತ್ರಿಯ ಲೆಕ್ಕಾಚಾರ ಶುರುವಾಗುವ ಕಾಲ. ಈ ವರ್ಷ ಯಾರನ್ನು ಕರೆಸುವುದು, ಮೈಕ್‌ನ ಕೆಲಸ ಯಾರಿಗೆ ಕೊಡುವುದು, ಸಭಾ ಕಾರ್ಯಕ್ರಮಕ್ಕೆ ಅತಿಥಿಗಳು ಯಾರು ಎಂಬುದೆಲ್ಲ ತೀರ್ಮಾನ ಆಗುವುದು ಈಗಲೇ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿರುವ ಒಬ್ಬ ಮೃದಂಗವಾದಕ. ಶಾಸ್ತ್ರೀಯ ಕಚೇರಿಗೆ ಹೋಗುತ್ತೇನೆ, ಭರತನಾಟ್ಯಕ್ಕೆ ನುಡಿಸುತ್ತೇನೆ, ಸ್ಯಾಕ್ಸೋಫೋನ್ ಜೊತೆಗೂ ಭಕ್ತಿ ರಸಮಂಜರಿಗೂ ಕರೆದರೆ ಹೋಗುತ್ತೇನೆ. ಇದರಲ್ಲೇ ಮನೆ ನಡೆಯಬೇಕು.

ಕಾರ್ಯಕ್ರಮ ಮುಗಿದು ನಾವು ವಾದ್ಯಕ್ಕೆ ಚೀಲ ಹಾಕುವ ಹೊತ್ತಿಗೆ ನಿಮ್ಮಲ್ಲಿ ಯಾರಾದರೊಬ್ಬರು ವೇದಿಕೆಗೆ ಬಂದೇ ಬರುತ್ತೀರಿ. ಕೈ ಹಿಡಿದು, "ಖುಷಿ ಆಯ್ತಾ ನಿಮಗೆ?" ಎಂದು ಕೇಳುತ್ತೀರಿ. ಅದು ಬಾಯಿಮಾತಿನ ಪ್ರಶ್ನೆ ಅಲ್ಲ, ಮನಸ್ಸಿನಿಂದ ಕೇಳುವುದು ಅಂತ ನಮಗೆ ಗೊತ್ತು. ನಾವೂ "ತುಂಬಾ ಖುಷಿ ಆಯ್ತು" ಎನ್ನುತ್ತೇವೆ. ಕೆಲವು ಸಲ ಅದು ನಿಜ. ಹಲವು ಸಲ ಅಲ್ಲ. ಆ ಹೊತ್ತಿನಲ್ಲಿ, ಅಷ್ಟು ಜನರ ನಡುವೆ, ನಿಂತು ವಿವರಿಸಲು ಆಗುವುದಿಲ್ಲ. ಹೇಳಿದರೆ ಮುಂದಿನ ವರ್ಷ ಕರೆಯಲಿಕ್ಕಿಲ್ಲ ಎಂಬ ಹೆದರಿಕೆಯೂ ಉಂಟು. ಹಾಗಾಗಿ ನೀವು ಪ್ರತಿ ವರ್ಷ ಕೇಳುವ ಆ ಪ್ರಶ್ನೆಗೆ ಇಲ್ಲಿ ಸರಿಯಾದ ಉತ್ತರ ಕೊಡುತ್ತೇನೆ.

ಜನ ಜಾಸ್ತಿ ಸೇರಿದರೆ ಕಲಾವಿದರಿಗೆ ತೃಪ್ತಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ತುಂಬಿದ ಪುರಭವನ ಯಾರಿಗೆ ಬೇಡ? ಸಂಭಾವನೆ ಸರಿಯಾಗಿ ಕೈಗೆ ಬಂದರೆ ನೆಮ್ಮದಿ, ಅದೂ ಹೌದು. ಶಾಲು, ಸ್ಮರಣಿಕೆ ಕೊಡುವಾಗ ನಿಮ್ಮ ಪ್ರೀತಿ ಕಾಣುತ್ತದೆ. ಆದರೆ ನಾನು ಹೇಳುವ ತೃಪ್ತಿ ಬೇರೆಯದು. ರಾತ್ರಿ ಮನೆಗೆ ಬಂದು ಮಲಗಿದ ಮೇಲೂ ನಿದ್ದೆ ಹತ್ತುವುದಿಲ್ಲ, ಆ ಒಂದು ಆವರ್ತವನ್ನು, ಅಂದರೆ ತಾಳದ ಒಂದು ಸುತ್ತನ್ನು, ಬೆರಳುಗಳು ಹಾಸಿಗೆಯ ಮೇಲೆ ಮತ್ತೆ ಮತ್ತೆ ನುಡಿಸುತ್ತಿರುತ್ತವೆ. ಅಂಥ ರಾತ್ರಿಗಳಿಗಾಗಿಯೇ ನಾವು ಈ ಕೆಲಸದಲ್ಲಿ ಉಳಿದಿರುವುದು.

ಈ ಬೇಸಿಗೆಯಲ್ಲಿ ಉಡುಪಿ ಕಡೆಯ ಒಂದು ಸಣ್ಣ ಸಭಾಂಗಣದಲ್ಲಿ ಕಚೇರಿ ಇತ್ತು. ಗಾಯಕಿ ಕಾಂಭೋಜಿ ರಾಗ ಎತ್ತಿಕೊಂಡರು. ಮಿಶ್ರಛಾಪು ತಾಳ, ಮೂರು ಮತ್ತು ನಾಲ್ಕು ಸೇರಿ ಏಳರ ನಡೆ. ನೆರವಲ್‌ಗೆ ಬಂದ ಮೇಲೆ ಒಂದೇ ಸಾಲನ್ನು ಅವರು ಬೇರೆ ಬೇರೆ ಥರ ಬೆಳೆಸುತ್ತಾ ಹೋದರು. ವಯಲಿನ್‌ನವರು ಪ್ರತಿ ಸಲವೂ ಅದನ್ನು ಹಿಡಿದು, ತಮ್ಮದೂ ಸ್ವಲ್ಪ ಸೇರಿಸಿ ತಿರುಗಿ ಕೊಡುತ್ತಿದ್ದರು. ಒಂದು ಹಂತದಲ್ಲಿ ಗಾಯಕಿ ತಾರಸ್ಥಾಯಿಯ ಗಾಂಧಾರಕ್ಕೆ ಹೋಗಿ ನಿಂತರು. ನಾನು ಎರಡೂ ಕೈ ಎತ್ತಿಬಿಟ್ಟೆ. ಎರಡು ಆವರ್ತ ಏನೂ ನುಡಿಸಲಿಲ್ಲ. ಅವರ ಸ್ವರ, ಹಿಂದೆ ತಂಬೂರ, ಅಷ್ಟೇ. ಅಲ್ಲಿಂದ ಇಳಿಯುವ ಮೊದಲು ಅವರು ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಆ ಉಸಿರು ಮುಗಿಯುವಲ್ಲಿಗೆ ಎಡಗೈಯಲ್ಲಿ ಒಂದು ಗುಮ್ಕಿ, ಆ ಜಾರುವ ತಗ್ಗಿನ ನಾದ, ಕೊಟ್ಟೆ. ಅವರು ಹಾಡುತ್ತಲೇ ನನ್ನ ಕಡೆ ತಿರುಗಿ ನಕ್ಕರು. ವಯಲಿನ್‌ನವರು "ಭಲೇ" ಅಂದರು. ಮೈಕ್‌ಗೂ ಸಿಗದಷ್ಟು ಮೆಲ್ಲಗೆ. ಸಭೆಯಲ್ಲಿ ಹೆಚ್ಚೆಂದರೆ ಐವತ್ತು ಜನ. ಚಪ್ಪಾಳೆ ಬೀಳಲಿಲ್ಲ, ಅದು ಚಪ್ಪಾಳೆ ತಟ್ಟುವ ಜಾಗವೂ ಅಲ್ಲ.

ಆ ದಿನ ನನಗೆ ಖುಷಿ ಆಯ್ತಾ ಎಂದು ಕೇಳಿದ್ದರೆ ಹೌದು ಎಂದದ್ದು ಪೂರ್ತಿ ನಿಜವಾಗಿರುತ್ತಿತ್ತು.

ಇದರಲ್ಲಿ ನೀವು ಗಮನಿಸಬೇಕಾದ್ದು ಒಂದೇ. ಆ ಉಸಿರು ನನಗೆ ಕೇಳಿಸಿತು. ಯಾಕೆಂದರೆ ಅಲ್ಲಿನ ಮೈಕ್‌ನವರು ನಮ್ಮ ಕಡೆ ಮುಖ ಮಾಡಿ ಎರಡು ಸಣ್ಣ ಮಾನಿಟರ್ ಸ್ಪೀಕರ್ ಇಟ್ಟಿದ್ದರು. ಅದರಲ್ಲಿ ಗಾಯಕಿಯ ಧ್ವನಿ, ತಂಬೂರ, ಸ್ವಲ್ಪ ವಯಲಿನ್ ಬರುತ್ತಿತ್ತು.

ಏನೂ ಕೇಳಿಸದೆಯೂ ನಾವು ನುಡಿಸಬಲ್ಲೆವು. ಗಾಯಕರ ಕೈ ತೊಡೆಯ ಮೇಲೆ ಬೀಳುವುದನ್ನು ನೋಡಿಕೊಂಡರೆ ತಾಳ ತಪ್ಪುವುದಿಲ್ಲ. ಕೃತಿಯೂ ಗೊತ್ತಿರುತ್ತದೆ. ಕೆಳಗೆ ಕುಳಿತವರಿಗೆ ಏನೂ ವ್ಯತ್ಯಾಸ ಕಾಣಲಿಕ್ಕಿಲ್ಲ. ಆದರೆ ಎಲ್ಲಿ ಕೈ ಎತ್ತಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎನ್ನುವುದು ಕೇಳಿಸಿದರೆ ಮಾತ್ರ ಗೊತ್ತಾಗುತ್ತದೆ. ಕೇಳಿಸದ ದಿನ ಯಾರೂ ಸುಮ್ಮನಿರುವುದಿಲ್ಲ. ಗಾಯಕರು ಗಂಟಲು ಏರಿಸುತ್ತಾರೆ, ವಯಲಿನ್‌ನವರು ಕಮಾನನ್ನು ಒತ್ತಿ ಎಳೆಯುತ್ತಾರೆ, ನಾನು ಬಲವಾಗಿ ಹೊಡೆಯುತ್ತೇನೆ. ಒಟ್ಟಿಗೆ ಕುಳಿತು ಬೇರೆ ಬೇರೆ ನುಡಿಸಿ ಎದ್ದು ಬರುತ್ತೇವೆ. ಮರುದಿನ ಮಣಿಕಟ್ಟು ನೋಯುತ್ತದೆ, ಗಾಯಕರ ಗಂಟಲು ಕಟ್ಟುತ್ತದೆ.

ವೇದಿಕೆಯ ಮೇಲೆ ಕುಳಿತು ಕೇಳಿದವರಿಗೆ ಮಾತ್ರ ಇದು ಅರ್ಥವಾಗುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ಸ್ಪೀಕರ್‌ಗಳು ಎರಡೂ ಬದಿಯಲ್ಲಿ ಸಭಿಕರ ಕಡೆ ಮುಖ ಮಾಡಿ ನಿಂತಿರುತ್ತವೆ. ನಾವು ಅವುಗಳ ಹಿಂದೆ. ನಮಗೆ ಬರುವುದು ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದ ಸದ್ದು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಸಭಾಂಗಣ 25 ಮೀಟರ್ ಉದ್ದ ಇದ್ದರೆ, ಹೋಗಿ ಬರಲು 50 ಮೀಟರ್. ಅಂದರೆ ಸೆಕೆಂಡಿನ ಏಳನೇ ಒಂದು ಭಾಗ ತಡ. ಇಷ್ಟೇ ಅಲ್ವಾ ಅನ್ನಿಸಬಹುದು. ತಾಳವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನದಲ್ಲಿ ನಡೆ ಏರಿದಾಗ ಒಂದು ಸೆಕೆಂಡಿನಲ್ಲಿ ಎಂಟು ಪೆಟ್ಟು ಬೀಳುತ್ತವೆ. ನಾನು ಹೊಡೆದ ಪೆಟ್ಟು ಗೋಡೆಯಿಂದ ತಿರುಗಿ ಬರುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಾಗಿರುತ್ತದೆ. ಪಕ್ಕದಲ್ಲಿ ಘಟ ನುಡಿಸುವವರಿಗೂ ಅದೇ ಕಥೆ. ಇಬ್ಬರೂ ಕಿವಿ ಮುಚ್ಚಿಕೊಂಡು ಲೆಕ್ಕದ ಮೇಲೆಯೇ ನುಡಿಸಬೇಕಾಗುತ್ತದೆ. ಲೆಕ್ಕ ಸರಿಯಾಗಿ ಕೂರುತ್ತದೆ, ಸಂಗೀತ ಕೂರುವುದಿಲ್ಲ.

ನಮ್ಮ ಊರಿನ ಹಿಂದಿನವರು ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದ್ದರು. ಗದ್ದೆಯಲ್ಲಿ ನಡೆಯುವ ಬಯಲಾಟದ ರಂಗಸ್ಥಳ ನೆನಪು ಮಾಡಿಕೊಳ್ಳಿ. ಭಾಗವತರು, ಮದ್ದಳೆ, ಚಂಡೆ, ಚಕ್ರತಾಳ ಎಲ್ಲ ಒಂದೇ ಕಡೆ, ಹತ್ತಿರ ಹತ್ತಿರ. ಸದ್ದು ಬಡಿದು ವಾಪಸ್ ಬರಲು ಗೋಡೆಯೇ ಇಲ್ಲ. ಭಾಗವತರ ಜಾಗಟೆಯ ಒಂದು ಪೆಟ್ಟಿಗೆ ಇಡೀ ಹಿಮ್ಮೇಳ ತಿರುಗುತ್ತದೆ. ಮೈಕ್ ಬಂದದ್ದು ಆಮೇಲೆ. ಮೈಕ್ ಬಂದದ್ದು ಒಳ್ಳೆಯದೇ, ಹಿಂದಿನ ಸಾಲಿನವರಿಗೂ ಪದ್ಯದ ಸಾಹಿತ್ಯ ಕೇಳುತ್ತದೆ. ಆದರೆ ಕೇಳುವವರಿಗಾಗಿ ಮಾಡಿದ ವ್ಯವಸ್ಥೆಯಲ್ಲಿ ನುಡಿಸುವವರ ಕಿವಿಯನ್ನು ಮರೆತದ್ದು ನಮ್ಮ ಕಾಲದಲ್ಲಿ ಆದ ತಪ್ಪು.

ತುಳು ನಾಟಕಗಳಿಗೆ ಕೀಬೋರ್ಡ್ ನುಡಿಸುವ ಗೆಳೆಯರೊಬ್ಬರು ಹೇಳುವುದೂ ಇದನ್ನೇ. ಹಾಸ್ಯದ ಪಾತ್ರ ಮಾಡುವವರು ಮಾತು ಮುಗಿಸಿ ಕಣ್ಣು ಹೊರಳಿಸುತ್ತಾರಲ್ಲ, ಆ ಕ್ಷಣಕ್ಕೆ ಸದ್ದು ಬೀಳಬೇಕು. ನಗು ಬಂದ ಮೇಲೆ ಬಿದ್ದರೆ ಏನೂ ಪ್ರಯೋಜನ ಇಲ್ಲ. ಎಷ್ಟೋ ಕಡೆ ಅವರನ್ನು ಪರದೆಯ ಹಿಂದೆ, ನಟರ ಮುಖ ಕಾಣದ ಮೂಲೆಯಲ್ಲಿ ಕೂರಿಸುತ್ತಾರೆ. "ನನ್ನನ್ನು ಎರಡು ಅಡಿ ಮುಂದೆ ಹಾಕಿದರೆ ನಾಟಕವೇ ಬೇರೆ ಆಗ್ತದೆ ಮಾರಾಯ್ರೇ" ಎನ್ನುತ್ತಾರೆ ಅವರು. ಎರಡು ಅಡಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಮ್ಮದು ಸ್ಯಾಕ್ಸೋಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರ ಊರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿ ಬಂದವರು. 2019ರಲ್ಲಿ ಅವರು ತೀರಿಕೊಂಡ ಮೇಲೂ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಮದುವೆ, ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ಇಲ್ಲದ ದಿನ ಇಲ್ಲ. ಅವರು ಎ. ಕನ್ಯಾಕುಮಾರಿ ಅವರ ವಯಲಿನ್ ಜೊತೆ ಕೊಟ್ಟ ಕಚೇರಿಗಳನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಒಂದು ವಾದ್ಯಕ್ಕೆ ಅಷ್ಟು ದೊಡ್ಡ ಗಂಟಲು, ಇನ್ನೊಂದಕ್ಕೆ ಇಷ್ಟು ಸಣ್ಣದು. ಆದರೂ ಸ್ವರಪ್ರಸ್ತಾರದಲ್ಲಿ ಇಬ್ಬರೂ ಸಮಸಮ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಪೂರ್ತಿ ಕೇಳಿಸದಿದ್ದರೆ ಅಂಥ ಮಾತುಕತೆ ಹೇಗೆ ನಡೆದೀತು? ಇವತ್ತಿನ ಹುಡುಗರಲ್ಲಿ, ಹುಡುಗಿಯರಲ್ಲಿ ಅದೇ ಸಾಮರ್ಥ್ಯ ಇರುವವರು ಇದ್ದಾರೆ. ಅವರಿಗೆ ಕೇಳಿಸುವ ವೇದಿಕೆ ಸಿಗಬೇಕು.

ಮೈಕ್‌ನವರನ್ನು ಇಲ್ಲಿ ದೂರುತ್ತಿಲ್ಲ. ಅವರೂ ನಮ್ಮ ಹಾಗೆ ಮಧ್ಯಾಹ್ನದ ಬಿಸಿಲಲ್ಲಿ ಬಂದು, ಬಾಕ್ಸ್ ಇಳಿಸಿ, ವಯರ್ ಎಳೆದು, ಎಲ್ಲರ ಊಟ ಆದ ಮೇಲೆ ಊಟ ಮಾಡುವವರು. ಒಳ್ಳೆಯ ಕಿವಿ ಇರುವವರು ಅವರಲ್ಲಿ ಬಹಳ ಜನ ಇದ್ದಾರೆ. ಆದರೆ ಅವರಿಗೆ ಸಮಿತಿಯಿಂದ ಸಿಗುವ ಸೂಚನೆ ಒಂದೇ: "ಜೋರು ಬರಲಿ." ಇವತ್ತು ಶಾಸ್ತ್ರೀಯ ಕಚೇರಿ, ಇಷ್ಟು ಜನ, ಇಂಥ ವಾದ್ಯಗಳು ಎಂದು ಮೊದಲೇ ಯಾರೂ ಹೇಳುವುದಿಲ್ಲ. ಹಿಂದಿನ ದಿನದ ಡ್ಯಾನ್ಸ್ ಕಾರ್ಯಕ್ರಮಕ್ಕೆ ಇಟ್ಟ ಹಾಗೇ ಇರುತ್ತದೆ ಎಲ್ಲ. ಮೃದಂಗದ ಎಡಭಾಗ ಇಡೀ ಪೆಂಡಾಲಿಗೆ ದುಂ ದುಂ ಅಂತ ಹೊಡೆಯುತ್ತದೆ, ಗಾಯಕರ ಧ್ವನಿಗೆ ಎಕೋ ಸೇರಿರುತ್ತದೆ. "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎಂದರೆ ಮೈಕ್ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುತ್ತದೆ, ಅಷ್ಟೇ. ನಾವು ನಮ್ಮ ಜಾಗದಲ್ಲಿ ಕುಳಿತು, ಎಲ್ಲರೂ ಒಟ್ಟಿಗೆ ಹತ್ತು ನಿಮಿಷ ನುಡಿಸಿ ನೋಡಬೇಕು. "ಅಣ್ಣಾ, ಮಾನಿಟರ್‌ಗೆ ಸ್ವಲ್ಪ ವಾಯ್ಸ್ ಕೊಡಿ, ಮೃದಂಗ ಕಮ್ಮಿ ಮಾಡಿ" ಎಂದು ಆಗಲೇ ಹೇಳಿ ಮುಗಿಸಬೇಕು. ಕಚೇರಿ ಶುರುವಾದ ಮೇಲೆ ಕೈಸನ್ನೆ ಮಾಡುತ್ತಾ ಕೂರುವುದು ನಮಗೂ ಕಷ್ಟ, ಅವರಿಗೂ ಮುಜುಗರ. ಎಲ್‌ಇಡಿ ವಾಲ್‌ಗೆ ನೀವು ಕೊಡುವ ಬಾಡಿಗೆಯ ಮುಂದೆ ಎರಡು ಮಾನಿಟರ್‌ಗಳದ್ದು ಏನೂ ಅಲ್ಲ.

ಇನ್ನು ಸಭಾ ಕಾರ್ಯಕ್ರಮ. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಹಿಂಜರಿಯುತ್ತದೆ, ಯಾಕೆಂದರೆ ದಾನಿಗಳಿಲ್ಲದೆ ಉತ್ಸವ ಇಲ್ಲ, ಉತ್ಸವ ಇಲ್ಲದೆ ನಮಗೆ ಕೆಲಸ ಇಲ್ಲ. ಮೊಕ್ತೇಸರರನ್ನು, ಹಿರಿಯರನ್ನು, ಊರಿಗೆ ಉಪಕಾರ ಮಾಡಿದವರನ್ನು ಗೌರವಿಸುವುದು ಸರಿಯಾದ ಕೆಲಸ. ಅದು ಬೇಡ ಎಂದು ಹೇಳುವವನು ನಾನಲ್ಲ. ಅದು ಬರುವ ಹೊತ್ತು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

ಆಮಂತ್ರಣದಲ್ಲಿ ಕಚೇರಿ ಸಂಜೆ 6.30ಕ್ಕೆ ಎಂದು ಅಚ್ಚಾಗಿರುತ್ತದೆ. ನಾವು ಐದಕ್ಕೇ ಬಂದು ಶ್ರುತಿ ಮಾಡಿ ಕೂರುತ್ತೇವೆ. ಅತಿಥಿಗಳು ಬರುವುದು ಏಳಕ್ಕೆ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದೀಪ, ಐದಾರು ಭಾಷಣ, ಸನ್ಮಾನ, ಧನ್ಯವಾದ. ಕಚೇರಿಗೆ ವೇದಿಕೆ ಸಿಗುವಾಗ 8.15. ಇನ್ನೊಂದು ಬದಿಯಲ್ಲಿ 10 ಗಂಟೆ ಕಾಯುತ್ತಿರುತ್ತದೆ. ಶಬ್ದಮಾಲಿನ್ಯ ನಿಯಮ 2000ದಿಂದಲೇ ಇದೆ: ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ 12ರ ತನಕ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಉಂಟು, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಈ ನಿಯಮ ನನಗೆ ಒಪ್ಪಿಗೆಯೇ. ಪಕ್ಕದ ಮನೆಯಲ್ಲಿ ವಯಸ್ಸಾದವರು ಮಲಗಬೇಕು, ಮಕ್ಕಳು ಪರೀಕ್ಷೆಗೆ ಓದಬೇಕು. ಆದರೆ ಮುಂದೆ ಉದ್ದವಾದ ಭಾಷಣ, ಹಿಂದೆ ಹತ್ತು ಗಂಟೆ, ಇವೆರಡರ ನಡುವೆ ಸಿಕ್ಕಿ ಮುದುಡುವುದು ಸಂಗೀತ. ಮೊದಲು ಹೋಗುವುದು ರಾಗಾಲಾಪನೆ, ಆಮೇಲೆ ತನಿ. "ಒಂದು ಐದು ನಿಮಿಷದಲ್ಲಿ ಮುಗಿಸಿಬಿಡಿ" ಎಂದು ಚೀಟಿ ಬರುತ್ತದೆ. ಐದು ನಿಮಿಷದಲ್ಲಿ ತನಿಯನ್ನು ಮುಗಿಸಬಹುದು, ಶುರು ಮಾಡಲು ಆಗುವುದಿಲ್ಲ.

ಇದಕ್ಕಿಂತ ಕಷ್ಟದ್ದು ಕಚೇರಿಯ ನಡುವೆ ನಡೆಯುವ ಸನ್ಮಾನ. ಒಂದು ಊರಿನಲ್ಲಿ ತನಿ ಕೊನೆಯ ಹಂತಕ್ಕೆ ಬಂದಿತ್ತು. ಮೋಹರ ಮುಗಿದು ಕೋರ್ವೆಗೆ, ಅಂದರೆ ತನಿಯನ್ನು ಮುಗಿಸುವ ಲೆಕ್ಕಕ್ಕೆ, ಹೋಗಬೇಕು. ನಿರೂಪಕರು ಶಾಲು, ಹಣ್ಣಿನ ಬುಟ್ಟಿ ಹಿಡಿದವರ ಜೊತೆ ವೇದಿಕೆ ಹತ್ತಿ ಬಂದರು. ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮಕ್ಕೆ ಹೋಗಲಿಕ್ಕುಂಟಂತೆ. ನಿಲ್ಲಿಸಿದೆವು. ನಮಗೇ ಸನ್ಮಾನ, ನಮ್ಮ ಬಗ್ಗೆಯೇ ಒಳ್ಳೆಯ ಮಾತು. ಮುಕ್ಕಾಲು ಗಂಟೆ ಆಯಿತು.

ಆ ಮುಕ್ಕಾಲು ಗಂಟೆಯಲ್ಲಿ ವಾದ್ಯಕ್ಕೆ ಏನಾಗುತ್ತದೆ ಗೊತ್ತಾ? ಮೃದಂಗದ ಎಡಬದಿಗೆ ನಾವು ರವೆ ಕಲಸಿ ಹಚ್ಚುತ್ತೇವೆ. ಗುಂಡಗೆ, ಅಂಗೈ ಅಗಲ. ಅದರ ತೂಕದಿಂದಲೇ ಎಡಗೈಯ ಆ ಗಂಭೀರ ನಾದ ಬರುವುದು. ಅದು ಹಸಿ ಇರಬೇಕು. ವೇದಿಕೆಯ ಫ್ಯಾನ್ ಗಾಳಿಗೆ ಅದು ಒಣಗಿ, ಅಂಚು ಬಿರಿದು, ಬೆರಳಿಟ್ಟರೆ ಪುಡಿ ಉದುರುತ್ತದೆ. ಕೆರೆದು ತೆಗೆದು ಹೊಸದು ಹಚ್ಚಬೇಕು. ಬಲಬದಿಯದ್ದು ಇನ್ನೊಂದು ಕಥೆ. ನಮ್ಮ ಕರಾವಳಿಯ ಹಬೆಗೆ ಚರ್ಮ ಸಡಿಲವಾಗಿ ಶ್ರುತಿ ಇಳಿದಿರುತ್ತದೆ, ಕಲ್ಲಿನಿಂದ ಅಂಚು ತಟ್ಟಿ ಏರಿಸಬೇಕು. ವಯಲಿನ್ ತಂತಿಯೂ ಇಳಿದಿರುತ್ತದೆ. ಗಾಯಕರ ಗಂಟಲು ತಣ್ಣಗಾಗಿರುತ್ತದೆ. ಇಷ್ಟೆಲ್ಲ ಸರಿ ಮಾಡಿಕೊಳ್ಳಬಹುದು. ಕೇಳುವವರ ಮತ್ತು ನಮ್ಮ ನಡುವೆ ಒಂದೂವರೆ ಗಂಟೆಯಿಂದ ಕಟ್ಟಿಕೊಂಡು ಬಂದದ್ದು ಇರುತ್ತದಲ್ಲ, ಅದನ್ನು ಮತ್ತೆ ಕಟ್ಟಲು ಆಗುವುದಿಲ್ಲ. ಸನ್ಮಾನ ಮುಗಿದು ಅತಿಥಿಗಳು ಇಳಿದಾಗ ಅವರ ಜೊತೆ ಅರ್ಧ ಸಭೆಯೂ ಎದ್ದು ಹೋಗಿತ್ತು.

ಹಾಡಿನ ನಡುವೆ ಮೈಕ್‌ನಲ್ಲಿ "ಕೆಎ 19, ಬಿಳಿ ಬಣ್ಣದ ಕಾರಿನವರು ದಯವಿಟ್ಟು ಕಾರು ತೆಗೆಯಬೇಕು" ಎಂದು ಕೂಗುವುದನ್ನು, ಅನ್ನಪ್ರಸಾದಕ್ಕೆ ಕರೆಯುವುದನ್ನು ಎರಡು ಹಾಡಿನ ಮಧ್ಯದ ಬಿಡುವಿಗೆ ಇಟ್ಟುಕೊಂಡರೆ ಸಾಕು. ನಮಗೂ ಹಸಿವು ಗೊತ್ತು, ಊಟ ತಡವಾಗಲಿ ಎಂದು ಹೇಳುವುದಿಲ್ಲ.

ಸಭಿಕರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಮಕ್ಕಳು ಓಡಾಡಲಿ, ಅಜ್ಜಿಯಂದಿರು ಮೆಲ್ಲಗೆ ಮಾತಾಡಲಿ, ಇದು ದೇವಸ್ಥಾನದ ಅಂಗಳ, ಅದೇ ಇದರ ಚಂದ. ಎದುರಿನ ಸೋಫಾದಲ್ಲಿ ಕುಳಿತವರು ಫೋನ್ ನೋಡುತ್ತಿದ್ದರೂ ಪರವಾಗಿಲ್ಲ. ಎಲ್ಲೋ ಒಬ್ಬರು ನಿಜವಾಗಿ ಕೇಳುತ್ತಿದ್ದರೆ ವೇದಿಕೆಯ ಮೇಲೆ ನಮಗೆ ಗೊತ್ತಾಗಿಬಿಡುತ್ತದೆ. ಒಂದು ಬ್ರಹ್ಮಕಲಶದಲ್ಲಿ ಬಡಿಸುವ ಕೆಲಸ ಮುಗಿಸಿ ಬಂದ ಅಡುಗೆಯವರೊಬ್ಬರು ಹೆಗಲಲ್ಲಿ ಬೈರಾಸು ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದರು. ತನಿ ಪೂರ್ತಿ ನಿಂತೇ ಕೇಳಿದರು, ಬೆರಳಲ್ಲಿ ತಾಳ ಎಣಿಸುತ್ತಾ. ಮುಗಿದ ಮೇಲೆ ಹತ್ತಿರ ಬಂದು, "ಕೊನೆಗೆ ಮೂರು ಸಲ ಬಂತಲ್ಲ, ಅದು ಸರಿಯಾಗಿ ಹಾಡು ಶುರುವಾಗುವ ಎತ್ತುಗಡೆಗೇ ಬಂದು ಬೀಳುವ ಹಾಗೆ ಮೊದಲೇ ಲೆಕ್ಕ ಮಾಡಿಟ್ಟದ್ದಾ, ಅಲ್ಲ ಆಗ ಮಾಡಿದ್ದಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳುತ್ತಾ ನಾನು ಊಟ ಮರೆತಿದ್ದೆ. ಹಿಂದಿನ ಸಾಲಿನಲ್ಲಿ ಇಂಥವರು ಇರುತ್ತಾರೆ. ಅವರಿಗಾಗಿಯಾದರೂ ತನಿಯನ್ನು ಕತ್ತರಿಸಬೇಡಿ.

ಸಣ್ಣ ಪುಟ್ಟ ವಿಷಯಗಳು ಇನ್ನೂ ಕೆಲವು. ಸಂಭಾವನೆ ಎಷ್ಟು ಎಂದು ಮೊದಲೇ ಫೋನ್‌ನಲ್ಲಿ ಹೇಳಿಬಿಡಿ, ಪಕ್ಕವಾದ್ಯದವರಿಗೂ ಬೇರೆಯಾಗಿ ಹೇಳಿ. ಹೆಣ್ಣುಮಕ್ಕಳಿಗೆ ಸೀರೆ ಸರಿ ಮಾಡಿಕೊಳ್ಳಲು ಬಾಗಿಲಿಗೆ ಚಿಲಕ ಇರುವ ಒಂದು ಕೋಣೆ, ನೀರು ಬರುವ ಶೌಚಾಲಯ ಬೇಕೇ ಬೇಕು. ಇದನ್ನು ಅವರು ಬಾಯಿಬಿಟ್ಟು ಕೇಳುವ ಹಾಗೆ ಆಗಬಾರದು. ವಿಡಿಯೋದವರು ಗಾಯಕರ ಮತ್ತು ನಮ್ಮ ನಡುವೆ ಬಂದು ನಿಲ್ಲದಿರಲಿ, ನಮಗೆ ಅವರ ಕೈ ಕಾಣಬೇಕು. ಊಟದ ವಿಷಯದಲ್ಲಿ ಮಾತ್ರ ಕರಾವಳಿಯ ಯಾವ ಸಮಿತಿಯೂ ನಮಗೆ ಕಡಿಮೆ ಮಾಡಿದ್ದಿಲ್ಲ. ರಾತ್ರಿ ಹನ್ನೊಂದಕ್ಕೂ ಎಲೆ ಹಾಕಿ, ಎದುರು ನಿಂತು ಬಡಿಸಿದ್ದೀರಿ. ಆ ಪ್ರೀತಿ ಇರುವುದರಿಂದಲೇ ಇಷ್ಟು ಸಲಿಗೆಯಿಂದ ಬರೆಯುತ್ತಿದ್ದೇನೆ.

ಮುಂದಿನ ಸಭೆಯಲ್ಲಿ ಈ ಪತ್ರವನ್ನು ಒಮ್ಮೆ ಓದಿ ಹೇಳಿ. ಸಾಧ್ಯವಾದರೆ ಮೈಕ್‌ನವರನ್ನೂ ಆ ಸಭೆಗೆ ಕರೆಯಿರಿ. ಆಮಂತ್ರಣ ಅಚ್ಚಿಗೆ ಹೋಗುವ ಮೊದಲು ಸಭಾ ಕಾರ್ಯಕ್ರಮವನ್ನು ಸಂಜೆ 5ಕ್ಕೆ ಹಾಕಿ, ಸನ್ಮಾನಗಳನ್ನೂ ಅದರಲ್ಲೇ ಮುಗಿಸಿ, ಕಚೇರಿಗೆ 6.30ರಿಂದ 9ರ ತನಕ ಬಿಟ್ಟುಕೊಡಿ. ಅತಿಥಿಗಳಿಗೆ ಐದು ಗಂಟೆ ಆಗುವುದಿಲ್ಲ ಎಂದಾದರೆ ಕಚೇರಿ ಮುಗಿದ ಮೇಲೆ, 9ಕ್ಕೆ ಇಡಿ. ಆಗ ಮಾತಿಗೆ ಒಂದು ಗಂಟೆ ಸಿಗುತ್ತದೆ, ಅದು ಸಾಕು. ಮಧ್ಯಾಹ್ನ ನಾಲ್ಕಕ್ಕೆ ವೇದಿಕೆಯನ್ನು ಅರ್ಧ ಗಂಟೆ ನಮಗೆ ಮತ್ತು ಮೈಕ್‌ನವರಿಗೆ ಬಿಡಿ. ಎರಡು ಮಾನಿಟರ್ ಬೇಕು ಎಂದು ಅವರ ಕೊಟೇಶನ್‌ನಲ್ಲೇ ಬರೆಸಿ. ಯಾವ ವಾದ್ಯಕ್ಕೆ ಏನು ಬೇಕು ಎಂದು ಗೊತ್ತಾಗದಿದ್ದರೆ ಬರುವ ಕಲಾವಿದರಿಗೆ ಒಂದು ಫೋನ್ ಮಾಡಿ ಕೇಳಿ, ಖುಷಿಯಿಂದ ಹೇಳುತ್ತಾರೆ.

ಇಂತಿ,
ನಿಮ್ಮ ವೇದಿಕೆಗಳಲ್ಲಿ ನುಡಿಸುವ ಒಬ್ಬ ಮೃದಂಗವಾದಕ
ಮಂಗಳೂರು